ಬರಿಗಾಲಲ್ಲಿ ಬೆಟ್ಟ: ಸಾವಿರ ಮೆಟ್ಟಿಲಿನಿಂದ ಕುಮಾರ ಪರ್ವತದವರೆಗೆ

ಬರಿಗಾಲಲ್ಲಿ ಬೆಟ್ಟ ಹತ್ತುವುದು ನಮ್ಮ ಕಡೆ ಹೊಸದೇನಲ್ಲ. ಆಷಾಢ ಶುಕ್ರವಾರ ಬೆಳಗಿನ ಜಾವ ಚಾಮುಂಡಿ ಬೆಟ್ಟದ ಪಾದದ ಹತ್ತಿರ ನಿಂತು ನೋಡಿ. ಮುದುಕಿಯರು, ಮಗು ಎತ್ತಿಕೊಂಡ ತಾಯಂದಿರು, ಕಾಲೇಜು ಹುಡುಗರು, ಎಲ್ಲರೂ ಚಪ್ಪಲಿ ಬಿಟ್ಟು ಹತ್ತುತ್ತಿರುತ್ತಾರೆ. ಹರಕೆ ಹೊತ್ತವರು ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಹೋಗುತ್ತಾರೆ. ಅದೇ ಮೈಸೂರಿನವಳು ನಾನು. ಶನಿವಾರ ಭಾನುವಾರ ಬಂತು ಅಂದರೆ ಯಾವುದಾದರೂ ಬೆಟ್ಟಕ್ಕೆ ಹೊರಟುಬಿಡುತ್ತೇನೆ. ಆದರೆ ದಪ್ಪ ಅಡಿಯ ಟ್ರೆಕ್ಕಿಂಗ್ ಶೂ ಇಲ್ಲದೆ ಬೆಟ್ಟ ಹತ್ತಬಹುದು ಅಂತ ವರ್ಷಗಟ್ಟಲೆ ನನಗೆ ಅನ್ನಿಸಿಯೇ ಇರಲಿಲ್ಲ.

ಮನಸ್ಸು ಬದಲಾಗಿದ್ದು ಬೇರೆಯವರು ನಡೆಯುವುದನ್ನು ನೋಡಿ. ಮೇಕೆ ಮೇಯಿಸುವವರು, ಸೌದೆ ಹೊತ್ತು ಇಳಿಯುವ ಹೆಂಗಸರು, ಮೇಲಿನ ಗುಡಿಗೆ ನೀರು ಹೊರುವ ಪೂಜಾರಿಗಳು ನಮ್ಮ ಪಕ್ಕದಲ್ಲೇ ದಾಟಿಕೊಂಡು ಹೋಗುತ್ತಾರೆ. ಹೆಜ್ಜೆಯ ಸದ್ದೇ ಕೇಳುವುದಿಲ್ಲ. ನಾವು ಅದೇ ಜಾಗದಲ್ಲಿ ಕಲ್ಲು ಉರುಳಿಸಿಕೊಂಡು, ದಡದಡ ಅಂತ ಇಳಿಯುತ್ತೇವೆ. ಅವರ ಕಾಲಿಗೆ ಗೊತ್ತಿರುವುದು ಏನೋ ಇದೆ, ಅದು ನನಗೂ ಬೇಕು ಅನ್ನಿಸಿತು. ಅಷ್ಟೇ ಕಾರಣ. ಆರೋಗ್ಯ ಸುಧಾರಿಸುತ್ತದೆ, ಭೂಮಿಯ ಶಕ್ತಿ ಮೈಗೆ ಹರಿಯುತ್ತದೆ ಅನ್ನುವ ಮಾತುಗಳನ್ನು ನಂಬಿ ಹೊರಟವಳಲ್ಲ.

ಶುರು ಮಾಡಿದ್ದು ಚಾಮುಂಡಿ ಬೆಟ್ಟದಿಂದಲೇ. ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ, ಅಂದರೆ 17ನೇ ಶತಮಾನದಲ್ಲಿ ಹಾಕಿಸಿದ ಮೆಟ್ಟಿಲುಗಳು ಇವು. ಸಾವಿರ ಮೆಟ್ಟಿಲು ಅಂತಲೇ ಊರಿನಲ್ಲಿ ಮಾತು. ಶೂ ಹಾಕಿಕೊಂಡು ಎಷ್ಟೋ ಸಲ ಹತ್ತಿದ್ದೆ. ಬರಿಗಾಲು ಇಟ್ಟ ಮೇಲೆ ಆ ಕಲ್ಲುಗಳು ಒಂದರಂತೆ ಇನ್ನೊಂದಿಲ್ಲ ಅಂತ ಗೊತ್ತಾಯಿತು. ನಡುವೆ ಜನ ತುಳಿದು ತುಳಿದು ನುಣುಪಾಗಿದೆ. ಗೋಡೆಯ ಕಡೆ ಹೋದರೆ ಇನ್ನೂ ತರಿತರಿ. ನೀರು, ಕುಂಕುಮ, ಒಡೆದ ತೆಂಗಿನಕಾಯಿಯ ಎಳನೀರು ಸೇರಿದ ಕಡೆ ನಡುವಿನ ಕಲ್ಲು ಜಾರುತ್ತದೆ, ಅಂಚಿನ ಕಲ್ಲು ಹಿಡಿಯುತ್ತದೆ. ಮೊದಲ ಮುನ್ನೂರು ಮೆಟ್ಟಿಲು ಕಡಿದು. ಅದನ್ನು ದಾಟಿದರೆ ನಂದಿಯವರೆಗೆ ಉಸಿರು ಹಿಡಿತಕ್ಕೆ ಬರುತ್ತದೆ. 16 ಅಡಿ ಎತ್ತರದ ಆ ನಂದಿಯ ಮುಂದೆ ಕೂತು ಅಂಗಾಲು ತಿರುಗಿಸಿ ನೋಡಿಕೊಂಡೆ. ಕೆಂಪಾಗಿತ್ತು. ಗಾಯ ಏನೂ ಆಗಿರಲಿಲ್ಲ.

ಕಷ್ಟ ಇದ್ದದ್ದು ಇಳಿಯುವಾಗ. ಶೂ ಹಾಕಿದ ಅಭ್ಯಾಸದಲ್ಲಿ ಹಿಮ್ಮಡಿ ಊರಿ ಇಳಿಯುತ್ತಿದ್ದೆ. ಪ್ರತಿ ಮೆಟ್ಟಿಲಿಗೂ ಒಂದು ಏಟು ಮಂಡಿಗೆ, ಅಲ್ಲಿಂದ ಸೊಂಟಕ್ಕೆ. ಹಿಂದೆಯೇ ಒಬ್ಬ ಅಜ್ಜಿ ಇಳಿಯುತ್ತಿದ್ದರು. ಕೈಯಲ್ಲಿ ಹೂವಿನ ಬುಟ್ಟಿ.

"ಹಿಮ್ಮಡಿ ಕುಟ್ಟಬ್ಯಾಡ ಕನವ್ವ, ನಾಳಕೆ ಮಂಡಿ ಹಿಡ್ಕತದೆ" ಅಂದರು. "ಮುಂಗಾಲ ಮಡಗು ಮೊದ್ಲು. ಆಮ್ಯಾಕೆ ಹಿಮ್ಮಡಿ ಬುಡು."

"ಹಂಗೆ ಇಳಿದ್ರೆ ನಿಧಾನ ಆಗಲ್ವಾ ಅಜ್ಜಿ?"

"ನಿಧಾನ್ವಾಗೇ ಇಳಿ. ಯಾರು ಓಡುಸ್ಕಂಡು ಬತ್ತಾವ್ರೆ ಈಗ?"

ಅವರು ಇಳಿದು ತೋರಿಸಿದರು. ಮಂಡಿ ಸ್ವಲ್ಪ ಬಾಗಿಸಿ, ಬೆರಳುಗಳ ಬುಡ ಮೊದಲು ಊರಿ, ಕಲ್ಲು ಸರಿ ಇದೆ ಅಂತ ಕಾಲಿಗೆ ಗೊತ್ತಾದ ಮೇಲೆ ಹಿಮ್ಮಡಿ ಇಳಿಸುತ್ತಾರೆ. ಮೈಭಾರ ಬೀಳುವುದು ಅದಾದ ಮೇಲೆ. ನಾನು ಆಮೇಲೆ ಹುಡುಕಿ ಓದಿದಾಗ ಇದಕ್ಕೆ ಹತ್ತಿರದ ಮಾತೇ ಸಿಕ್ಕಿತು. ಹಾರ್ವರ್ಡ್ ವಿಶ್ವವಿದ್ಯಾಲಯದ ಡೇನಿಯಲ್ ಲೀಬರ್‌ಮನ್ ಮತ್ತು ಜೊತೆಯವರು 2010ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದ ಅಧ್ಯಯನ ಅದು. ಚಿಕ್ಕಂದಿನಿಂದ ಬರಿಗಾಲಲ್ಲಿ ಓಡಿ ಅಭ್ಯಾಸ ಇರುವವರು ಹೆಚ್ಚಾಗಿ ಮುಂಗಾಲು ಮೊದಲು ಊರುತ್ತಾರೆ, ಶೂ ಹಾಕಿ ಓಡುವವರು ಹೆಚ್ಚಾಗಿ ಹಿಮ್ಮಡಿ ಊರುತ್ತಾರೆ, ಮುಂಗಾಲು ಊರುವವರಿಗೆ ನೆಲ ತಾಗುವಾಗ ಬೀಳುವ ಆ ಮೊದಲ ಹೊಡೆತ ಕಡಿಮೆ ಅಂತ ಅದರಲ್ಲಿದೆ. ಅದು ಓಟದ ಲೆಕ್ಕ, ನಡಿಗೆಯದ್ದಲ್ಲ. ಆದರೂ ಮೆಟ್ಟಿಲು ಇಳಿಯುವಾಗ ಅಜ್ಜಿಯ ಮಾತಿನಿಂದ ನನ್ನ ಮಂಡಿಗೆ ಆದ ಉಪಕಾರ ನನಗೆ ಗೊತ್ತು.

ಮಾರನೆಯ ದಿನ ನೋವು ಇದ್ದದ್ದು ಅಂಗಾಲಲ್ಲಿ ಅಲ್ಲ, ಮೀನಖಂಡದಲ್ಲಿ. ಇದನ್ನು ಒತ್ತಿ ಹೇಳಬೇಕು. ಬರಿಗಾಲು ಅಂದ ತಕ್ಷಣ ಎಲ್ಲರೂ ಕೇಳುವುದು ಚರ್ಮದ ಬಗ್ಗೆ. ಚರ್ಮ ಬೇಗ ಒಗ್ಗಿಕೊಳ್ಳುತ್ತದೆ. ಒಂದು ಪಾದದಲ್ಲಿ 26 ಮೂಳೆಗಳಿವೆ. ಅವನ್ನೆಲ್ಲ ಹಿಡಿದಿಡುವ ಸಣ್ಣ ಸಣ್ಣ ಸ್ನಾಯುಗಳು ಶೂ ಒಳಗೆ ಅರ್ಧ ಕೆಲಸ ಬಿಟ್ಟು ಕೂತಿರುತ್ತವೆ. ಅವು ಎದ್ದು ಬರುವುದಕ್ಕೆ ತಿಂಗಳುಗಳು ಬೇಕು. ಮೂಳೆಗೂ ಅಷ್ಟೇ. ಚರ್ಮ ಗಟ್ಟಿಯಾಯಿತು ಅಂತ ಒಮ್ಮೆಲೇ ದೂರ ಹೆಚ್ಚಿಸಿದರೆ ಪಾದದ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಬರುವ ಅಪಾಯ ಇರುತ್ತದೆ. ಹಾಗಾಗಿ ಚಾಮುಂಡಿ ಬೆಟ್ಟವನ್ನೇ ಎಷ್ಟೋ ಭಾನುವಾರ ಹತ್ತಿದೆ. ಮೊದಲು ಹತ್ತುವಾಗ ಮಾತ್ರ ಬರಿಗಾಲು, ಇಳಿಯುವಾಗ ಚಪ್ಪಲಿ. ಆಮೇಲೆ ಎರಡೂ ಬರಿಗಾಲು. ವಾರದ ನಡುವೆ ಪೂರ್ತಿ ವಿಶ್ರಾಂತಿ.

ಮೆಟ್ಟಿಲು ಬಿಟ್ಟು ಮೊದಲು ಹೋಗಿದ್ದು ಪಾಂಡವಪುರದ ಕುಂತಿ ಬೆಟ್ಟಕ್ಕೆ. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಫ್ರೆಂಚ್ ಸೈನಿಕರು ಬೀಡು ಬಿಟ್ಟಿದ್ದಕ್ಕೆ ಈ ಊರಿಗೆ ಫ್ರೆಂಚ್ ರಾಕ್ಸ್ ಅಂತಲೂ ಹೆಸರಿತ್ತು. ಇಲ್ಲಿ ದಾರಿ ಅಂದರೆ ಬಂಡೆ, ಬಂಡೆಯ ನಡುವೆ ಕುರುಚಲು ಗಿಡ, ಗಿಡದ ನಡುವೆ ಮೇಕೆಗಳು ಮಾಡಿದ ಜಾಡು. ಚಪ್ಪಲಿಯನ್ನು ಬ್ಯಾಗಿನೊಳಗೆ ಇಟ್ಟುಕೊಂಡು ಹೊರಟೆ. ಅವತ್ತಿನಿಂದ ಇವತ್ತಿನವರೆಗೂ ಅದಿಲ್ಲದೆ ಬೆಟ್ಟಕ್ಕೆ ಹೋಗಿಲ್ಲ.

ಬಂಡೆಯ ಮೇಲೆ ಸುಖ. ನಮ್ಮ ಕಡೆಯ ಕಣಶಿಲೆ ಮಳೆ ಬಿಸಿಲಿಗೆ ಸವೆದಾಗ ಮೆತ್ತಗಿನ ಕಣಗಳು ಉದುರಿ, ಗಟ್ಟಿ ಕಣಗಳು ಎದ್ದು ನಿಲ್ಲುತ್ತವೆ. ಒಣಗಿದ್ದರೆ ಅಂಗಾಲಿಗೆ ಅಷ್ಟು ಒಳ್ಳೆಯ ಹಿಡಿತ ಬೇರೆ ಎಲ್ಲೂ ಸಿಗುವುದಿಲ್ಲ. ತೊಂದರೆ ಕೊಡುವುದು ಇಳಿಜಾರು ಬಂಡೆಯ ಮೇಲೆ ಹರಡಿಕೊಂಡ ನೊರಜು ಕಲ್ಲು. ಕಾಲಿಟ್ಟ ತಕ್ಷಣ ಉರುಳುತ್ತದೆ. ಆದರೆ ಶೂ ಹಾಕಿದ್ದಾಗ ಜಾರಿದ ಮೇಲೆ ಗೊತ್ತಾಗುತ್ತಿತ್ತು. ಈಗ ಮುಂಗಾಲು ತಾಗಿದ ಕೂಡಲೇ ಗೊತ್ತಾಗುತ್ತದೆ, ಭಾರ ಬಿಡುವ ಮೊದಲೇ ಕಾಲು ಹಿಂದೆ ತೆಗೆಯಬಹುದು. ಕಣ್ಣೂ ಕಲಿತುಕೊಂಡಿತು. ಕಾಲ ಬುಡ ನೋಡುವುದಲ್ಲ, ಎರಡು ಮೂರು ಹೆಜ್ಜೆ ಮುಂದೆ ನೋಡಬೇಕು. ಸುತ್ತ ನೋಡಬೇಕು ಅನ್ನಿಸಿದರೆ ನಿಲ್ಲಬೇಕು. ನಡೆಯುತ್ತಾ ದೃಶ್ಯ ನೋಡುವುದು, ನಡೆಯುತ್ತಾ ಫೋಟೊ ತೆಗೆಯುವುದು ಬರಿಗಾಲಲ್ಲಿ ಆಗುವುದಿಲ್ಲ. ನನಗೆ ಇದು ಇಷ್ಟವಾಯಿತು. ನಿಂತು ನೋಡಿದ್ದು ಜಾಸ್ತಿ ದಿನ ನೆನಪಿರುತ್ತದೆ.

ಮುಳ್ಳು ಚುಚ್ಚಿದ್ದು ಅಲ್ಲಿಯೇ, ಮೇಕೆ ಜಾಡಿನಲ್ಲಿ. ಬಲಗಾಲಿನ ಕಿರುಬೆರಳ ಬುಡಕ್ಕೆ, ಒಣಗಿದ ಕಾರೆ ಮುಳ್ಳು. ಕೂತು ಉಗುರಿನಲ್ಲಿ ಎಳೆಯಲು ಹೋದೆ. ಮೇಕೆ ಮೇಯಿಸುತ್ತಿದ್ದ ಒಬ್ಬ ಹೆಂಗಸು ಅಲ್ಲಿಂದಲೇ ಕೂಗಿದರು, "ತಡೀ ತಡೀ, ಕೀಳಬ್ಯಾಡ! ಮುರ್ಕಂಡ್ರೆ ಒಳಗೇ ಉಳ್ಕತದೆ." ಹತ್ತಿರ ಬಂದು ಕಾಲನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ತಾಳಿ ಸರಕ್ಕೆ ಸಿಕ್ಕಿಸಿಕೊಂಡಿದ್ದ ಪಿನ್ನು ಬಿಚ್ಚಿ, ಬೆಂಕಿಕಡ್ಡಿ ಗೀರಿ ಅದರ ಮೊನೆ ಕಾಯಿಸಿದರು. ಮುಳ್ಳಿನ ಸುತ್ತ ಚರ್ಮವನ್ನು ಪದರ ಪದರವಾಗಿ ಬಿಡಿಸಿದರು. ಅವಸರವೇ ಇಲ್ಲ. ಮುಳ್ಳು ಹೊಕ್ಕಿದ್ದ ದಿಕ್ಕು ಯಾವುದು ಅಂತ ಬೆರಳಲ್ಲಿ ಒತ್ತಿ ನೋಡಿ, ಅದೇ ದಿಕ್ಕಿಗೆ ಹಿಂದಕ್ಕೆ ಎತ್ತಿದರು. ಇಡೀ ಮುಳ್ಳು ಬಂತು. ಆಮೇಲೆ ಎಕ್ಕದ ಎಲೆ ಮುರಿದು ಒಂದು ತೊಟ್ಟು ಹಾಲು ಬಿಟ್ಟು, "ಈ ಕೈನ ಕಣ್ಣಿಗೆ ಉಜ್ಜಬ್ಯಾಡ ಮತ್ತೆ" ಅಂದರು. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ನಿಜವಾಗಿಯೂ ಅಪಾಯ. ಅದರ ಬದಲು ನಾನೀಗ ಸಣ್ಣ ಚಿಮಟ, ಪಿನ್ನು, ಸೋಪು, ಗಾಯಕ್ಕೆ ಹಚ್ಚುವ ಮುಲಾಮು ಇಟ್ಟುಕೊಂಡಿರುತ್ತೇನೆ. ಆದರೆ ಮುಳ್ಳು ಕೀಳುವುದನ್ನು ಅವರ ಕೈ ನೋಡಿ ಕಲಿತದ್ದು.

ಮನೆಗೆ ಬಂದು ಮೊದಲು ಮಾಡಿದ ಕೆಲಸ, ಧನುರ್ವಾಯು ಇಂಜೆಕ್ಷನ್ ಹಾಕಿಸಿಕೊಂಡು ಎಷ್ಟು ವರ್ಷವಾಯಿತು ಅಂತ ಹುಡುಕಿದ್ದು. ಹತ್ತು ವರ್ಷಕ್ಕೊಮ್ಮೆ ಹಾಕಿಸಿಕೊಳ್ಳಬೇಕು. ಬರಿಗಾಲಲ್ಲಿ ನಡೆಯುವವರು ಇದನ್ನು ಮುಂದೂಡಬಾರದು. ಇನ್ನೊಂದು ವಿಷಯ ಕೊಕ್ಕೆಹುಳು. ಜನ ಬಯಲಿಗೆ ಹೋಗುವ ಕಡೆ, ಒದ್ದೆ ಮಣ್ಣಿನಲ್ಲಿ ಇದರ ಮರಿಗಳಿರುತ್ತವೆ. ಅಂಗಾಲಿನ ಚರ್ಮದ ಮೂಲಕವೇ ಒಳಗೆ ಹೋಗುತ್ತವೆ. ಹಾಗಾಗಿ ಬೆಟ್ಟದ ಬುಡದಲ್ಲಿ, ಊರಿನ ಅಂಚಿನಲ್ಲಿ, ಬಸ್ ನಿಲ್ಲುವ ಜಾಗದಲ್ಲಿ ನಾನು ಚಪ್ಪಲಿ ಬಿಡುವುದಿಲ್ಲ. ಮೇಲೆ ಬಂಡೆ ಸಿಕ್ಕ ಮೇಲೆಯೇ ಬಿಡುವುದು. ಸಕ್ಕರೆ ಕಾಯಿಲೆ ಇದ್ದವರು ದಯವಿಟ್ಟು ಇದಕ್ಕೆ ಕೈ ಹಾಕಬೇಡಿ. ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಗಾಯ ಆಗಿದ್ದೇ ಗೊತ್ತಾಗುವುದಿಲ್ಲ, ಆದ ಗಾಯ ಬೇಗ ವಾಸಿಯಾಗುವುದೂ ಇಲ್ಲ.

ಸಾವನದುರ್ಗಕ್ಕೆ ಹೋಗುವ ಹೊತ್ತಿಗೆ ಕಾಲು ಸಾಕಷ್ಟು ಪಳಗಿತ್ತು. ಮಾಗಡಿ ಹತ್ತಿರದ ಈ ಬೆಟ್ಟ ಸಮುದ್ರ ಮಟ್ಟದಿಂದ 1226 ಮೀಟರ್ ಎತ್ತರ. ಏಷ್ಯಾದ ಅತಿ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಇದೂ ಒಂದು ಅನ್ನುತ್ತಾರೆ. ಒಂದು ಕಡೆ ಕರಿಗುಡ್ಡ, ಇನ್ನೊಂದು ಕಡೆ ಬಿಳಿಗುಡ್ಡ. ಬುಡದಲ್ಲಿ ವೀರಭದ್ರ ಮತ್ತು ನರಸಿಂಹನ ಗುಡಿಗಳು. ಮೆಟ್ಟಿಲಿಲ್ಲ, ಹಿಡಿದುಕೊಳ್ಳಲು ಕಂಬಿಯಿಲ್ಲ. ಬಂಡೆಯ ಬೆನ್ನಿನ ಮೇಲೆ ನೇರ ಹತ್ತುವುದು. ಜೊತೆಗೆ ಗೆಳತಿ ಇದ್ದಳು, ಅವಳು ಒಳ್ಳೆಯ ಶೂ ಹಾಕಿದ್ದಳು.

"ಚರ್ಮ ದಪ್ಪ ಆಗ್ತಾ ಹೋದ್ರೆ ನಿಂಗೆ ಏನೂ ಗೊತ್ತಾಗದ ಹಾಗೆ ಆಗಲ್ವಾ?" ಅಂತ ಕೇಳಿದಳು. ನನಗೂ ಇದೇ ಅನುಮಾನ ಇತ್ತು. 2019ರಲ್ಲಿ ಇದೇ ಲೀಬರ್‌ಮನ್ ಇದ್ದ ತಂಡ ಕೆನ್ಯಾ ಮತ್ತು ಅಮೆರಿಕದ ಜನರ ಪಾದಗಳನ್ನು ಹೋಲಿಸಿ ನೋಡಿದೆ. ಬರಿಗಾಲಲ್ಲಿ ನಡೆಯುವವರ ಅಂಗಾಲಿನ ಚರ್ಮ ದಪ್ಪ ಇತ್ತು, ಗಟ್ಟಿ ಇತ್ತು. ಆದರೆ ನೆಲದ ಸ್ಪರ್ಶ ತಿಳಿಯುವ ಶಕ್ತಿ ಅದರಿಂದ ಕುಗ್ಗಿರಲಿಲ್ಲ. ನನ್ನ ಅನುಭವವೂ ಹಾಗೇ. ಚುಚ್ಚುವ ನೋವು ಕಡಿಮೆಯಾಗಿದೆ, ತಿಳಿಯುವುದು ಕಡಿಮೆಯಾಗಿಲ್ಲ. ಬಂಡೆ ಎಲ್ಲಿ ತಣ್ಣಗಿದೆ, ಎಲ್ಲಿ ತೇವ ಇದೆ, ಎಲ್ಲಿ ಪದರ ಎದ್ದು ಟೊಳ್ಳಾಗಿದೆ ಅಂತ ಕಾಲೇ ಹೇಳುತ್ತದೆ. ಟೊಳ್ಳಾದ ಪದರದ ಮೇಲೆ ಹೆಜ್ಜೆ ಇಟ್ಟರೆ ಸಣ್ಣಗೆ ಅದುರುತ್ತದೆ. ಶೂ ಹಾಕಿಕೊಂಡು ಎಷ್ಟು ಸಲ ಅದೇ ಕಲ್ಲಿನ ಮೇಲೆ ನಡೆದಿದ್ದರೂ ಈ ಅದುರು ನನಗೆ ತಿಳಿದಿರಲಿಲ್ಲ.

ಸಾವನದುರ್ಗದಲ್ಲಿ ಎರಡು ವಿಷಯಕ್ಕೆ ಹೆದರಬೇಕು. ಒಂದು, ಬಂಡೆಯ ಮೇಲಿನ ಕಪ್ಪು ಗೆರೆಗಳು. ಮಳೆ ನೀರು ಇಳಿಯುವ ಜಾಗ ಅವು, ಪಾಚಿ ಕಟ್ಟಿರುತ್ತದೆ. ಒಣಗಿದ್ದಾಗ ಪರವಾಗಿಲ್ಲ. ಒದ್ದೆಯಾಗಿದ್ದರೆ ಬರಿಗಾಲಿಗೂ ನಿಲ್ಲುವುದಿಲ್ಲ, ಶೂಗೂ ನಿಲ್ಲುವುದಿಲ್ಲ. ಮಳೆ ಬಂದ ದಿನ ಹತ್ತಲೇಬಾರದು. ಇನ್ನೊಂದು ಬಿಸಿಲು. ಬೇಸಿಗೆಯಲ್ಲಿ ಹತ್ತೂವರೆ ಹನ್ನೊಂದರ ಹೊತ್ತಿಗೆ ಬಂಡೆ ಕಾದ ಕಾವಲಿಯಾಗುತ್ತದೆ. ಹತ್ತುವಾಗ ತಂಪಾಗಿದ್ದ ದಾರಿಯಲ್ಲೇ ಇಳಿಯಬೇಕಲ್ಲ, ಅದನ್ನು ಮೊದಲೇ ಲೆಕ್ಕ ಹಾಕಬೇಕು. ನಾವು ಬೆಳಿಗ್ಗೆಯೇ ಹತ್ತಿ ಮೇಲಿನ ನಂದಿ ಮಂಟಪದಲ್ಲಿ ಸ್ವಲ್ಪ ಹೊತ್ತು ಕೂತು, ಬಿಸಿಲು ಏರುವ ಮುಂಚೆ ಬುಡ ಸೇರಿದೆವು.

ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲಾರೆ. ನಮ್ಮ ಬೆಟ್ಟಗಳಲ್ಲಿ ಬರಿಗಾಲಿಗೆ ದೊಡ್ಡ ಅಪಾಯ ಹಾವಲ್ಲ, ಮುಳ್ಳಲ್ಲ. ಒಡೆದ ಬಿಯರ್ ಬಾಟಲಿ. ಕೂರಲು ಚೆನ್ನಾಗಿರುವ ಪ್ರತಿ ಬಂಡೆಯ ಸಂದಿಯಲ್ಲೂ ಗಾಜಿನ ಚೂರು. ಮೇಲೆ ನಿಂತು ಬೇಕಂತಲೇ ಒಡೆಯುತ್ತಾರೆ. ಕುಡಿದು ಒಡೆದು ಹೋದವರಿಗೆ ಅಲ್ಲಿ ಬರಿಗಾಲಲ್ಲಿ ಮೇಕೆ ಕಾಯುವ ಮಕ್ಕಳು ಓಡಾಡುತ್ತಾರೆ ಅನ್ನುವ ಯೋಚನೆ ಬರುವುದೇ ಇಲ್ಲವಾ? ಮೇಕೆಯ ಗೊರಸಿಗೂ ಅದು ಚುಚ್ಚುತ್ತದೆ. ನನಗೆ ಇದು ಸಿಟ್ಟು ತರಿಸುತ್ತದೆ. ಬ್ಯಾಗಿನಲ್ಲಿ ಒಂದು ದಪ್ಪ ಗೋಣಿಬಟ್ಟೆಯ ಚೀಲ ಇಟ್ಟುಕೊಂಡಿದ್ದೇನೆ. ಇಳಿಯುವಾಗ ಕೈಗೆ ಸಿಕ್ಕಷ್ಟು ಗಾಜು ಅದರಲ್ಲಿ ತುಂಬಿಕೊಂಡು ಬರುತ್ತೇನೆ.

ಶಿವರಾತ್ರಿಗೆ ತಾಳಬೆಟ್ಟದಿಂದ ಮಾದಪ್ಪನ ಬೆಟ್ಟಕ್ಕೆ ನಡೆದೆ. ಸುಮಾರು 18 ಕಿ.ಮೀ. ದೂರ. ಇಲ್ಲಿ ಎತ್ತರಕ್ಕಿಂತ ದೂರದ್ದೇ ಪರೀಕ್ಷೆ. "ಉಘೇ ಉಘೇ ಮಾದಪ್ಪ" ಅಂತ ಕೂಗುತ್ತಾ ಮಂಡ್ಯ, ಕನಕಪುರ, ಕೊಳ್ಳೇಗಾಲದ ಕಡೆಯಿಂದ ಸಾವಿರಾರು ಜನ. ಎಷ್ಟೋ ಜನ ಊರಿನಿಂದಲೇ ಬರಿಗಾಲಲ್ಲಿ ನಡೆದು ಬಂದವರು. ಅವರ ಮುಂದೆ ನನ್ನ ತಯಾರಿ ಏನೇನೂ ಅಲ್ಲ. ಅವರದ್ದು ಭಕ್ತಿಯ ನಡಿಗೆ, ನನ್ನದು ಬೇರೆ. ಆದರೆ ಕಾಲಿಗೆ ಬೇಕಾದ ಬುದ್ಧಿ ಇಬ್ಬರಿಗೂ ಒಂದೇ, ಅದನ್ನು ಅವರಿಂದ ಕೇಳಿ ಕೇಳಿ ತಿಳಿದುಕೊಂಡೆ.

ಕಾಡಿನ ಕಲ್ಲುದಾರಿಗಿಂತ ಡಾಂಬರು ರಸ್ತೆ ಕಷ್ಟ. ಬೆಟ್ಟದ ಕಲ್ಲಿನ ಮೇಲೆ ಪ್ರತಿ ಹೆಜ್ಜೆಯೂ ಬೇರೆ ಬೇರೆ ಕೋನಕ್ಕೆ ಬೀಳುತ್ತದೆ, ಭಾರ ಹಂಚಿಹೋಗುತ್ತದೆ. ಡಾಂಬರಿನ ಮೇಲೆ ಪಾದದ ಅದೇ ಜಾಗ ಸಾವಿರಾರು ಸಲ ಉಜ್ಜುತ್ತದೆ. ಗುಳ್ಳೆ ಏಳುವುದು ಹೀಗೆ. ಬಿಸಿಲು ಏರಿದ ಮೇಲೆ ಜನ ರಸ್ತೆಯ ಅಂಚಿನ ಬಿಳಿ ಪಟ್ಟೆಯ ಮೇಲೆ ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಡೆಯತೊಡಗಿದರು. ಕಪ್ಪು ಡಾಂಬರಿಗಿಂತ ಬಿಳಿ ಬಣ್ಣದ ಮೇಲೆ ಬಿಸಿ ಕಡಿಮೆ. ನಾನೂ ಸಾಲಿಗೆ ಸೇರಿಕೊಂಡೆ. ಮುಂದಿದ್ದ ಹಿರಿಯರೊಬ್ಬರು ತಿರುಗಿ ನನ್ನ ಕಾಲು ನೋಡಿದರು. "ಕಾಲ ಎಳ್ಕಂಡು ನಡೀಬ್ಯಾಡಿ ಕನವ್ವ, ಎತ್ತಿ ಮಡಗಿ" ಅಂದರು. ಸುಸ್ತಾದಾಗ ಹೆಜ್ಜೆ ಎಳೆಯುವುದು ಅಭ್ಯಾಸ. ಎಳೆದರೆ ಉಜ್ಜುತ್ತದೆ, ಕಲ್ಲಿಗೆ ಎಡವಿ ಹೆಬ್ಬೆರಳಿನ ಉಗುರು ಕಿತ್ತುಬರುತ್ತದೆ. ಸಣ್ಣ ಹೆಜ್ಜೆ, ಎತ್ತಿ ಇಡುವ ಹೆಜ್ಜೆ. ದಾರಿಯುದ್ದಕ್ಕೂ ಮಜ್ಜಿಗೆ, ಪಾನಕ ಕೊಡುವವರಿದ್ದರು. ನಿಂತಾಗ ಕೆಲವರು ಕಾಲ ಮೇಲೆ ನೀರು ಸುರಿದುಕೊಳ್ಳುತ್ತಿದ್ದರು. ಅದೇ ಹಿರಿಯರು ಬೇಡ ಅಂದರು. ಚರ್ಮ ನೆನೆದರೆ ಮೆತ್ತಗಾಗಿ ಬೇಗ ಕಿತ್ತುಹೋಗುತ್ತದೆ. ಕಾಲು ತೊಳೆಯುವುದು ಏನಿದ್ದರೂ ನಡಿಗೆ ಮುಗಿದ ಮೇಲೆ.

ಒಣ ಚರ್ಮ ಒಳ್ಳೆಯದು, ಒಡೆದ ಚರ್ಮ ಒಳ್ಳೆಯದಲ್ಲ. ಹಿಮ್ಮಡಿ ಬಿರುಕು ಬಿಟ್ಟರೆ ಧೂಳು ಸೇರಿ ಕೀವಾಗುತ್ತದೆ. ದಿನಾ ರಾತ್ರಿ ಕಾಲು ತೊಳೆದು, ಒರೆಸಿ, ಬಿರುಕಿನ ಜಾಗಕ್ಕೆ ಹರಳೆಣ್ಣೆ ಹಚ್ಚುತ್ತೇನೆ. ದೊರಗು ಕಲ್ಲಿನಲ್ಲಿ ಲಘುವಾಗಿ ಉಜ್ಜುತ್ತೇನೆ. ಪೂರ್ತಿ ಉಜ್ಜಿ ತೆಗೆದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಕುಮಾರ ಪರ್ವತಕ್ಕೆ ಡಿಸೆಂಬರ್‌ನಲ್ಲಿ ಹೋಗಿದ್ದು. 1712 ಮೀಟರ್ ಎತ್ತರ, ಪುಷ್ಪಗಿರಿ ವನ್ಯಜೀವಿ ಧಾಮದೊಳಗಿನ ದಾರಿ. 2024ರ ಜನವರಿಯ ರಜೆಯಲ್ಲಿ ಜನ ಒಂದೇ ಸಲ ನುಗ್ಗಿದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಟಿಕೆಟ್ ತಂದಿದೆ, ಮೊದಲೇ ಮಾಡಿಸಿಕೊಂಡು ಹೋಗಬೇಕು. ಕುಕ್ಕೆ ಕಡೆಯಿಂದ ಹತ್ತಿದರೆ ಮೊದಲು ದಟ್ಟ ಕಾಡು. ಬೇರುಗಳೇ ಮೆಟ್ಟಿಲು. ಮಳೆಗಾಲದಲ್ಲಾದರೆ ಇಂಬಳಗಳ ಕಾಟ, ಡಿಸೆಂಬರ್‌ಗೆ ಅಷ್ಟಿರುವುದಿಲ್ಲ. ಕಾಡಿನಲ್ಲಿ ನಾನು ಚಪ್ಪಲಿ ಹಾಕಿಕೊಂಡೇ ನಡೆದೆ. ತರಗೆಲೆ ಮುಚ್ಚಿದ ನೆಲದಲ್ಲಿ ಕಾಲು ಎಲ್ಲಿ ಬೀಳುತ್ತಿದೆ ಅಂತ ಕಾಣುವುದಿಲ್ಲ. ಪಶ್ಚಿಮ ಘಟ್ಟದ ಮಂಡಲದ ಹಾವುಗಳು ಎಲೆಯ ಬಣ್ಣಕ್ಕೇ ಹೊಂದಿಕೊಂಡು ಅಲ್ಲಾಡದೆ ಮಲಗಿರುತ್ತವೆ. ಕಾಣದ ಕಡೆ ಬರಿಗಾಲು ಇಡಬಾರದು ಅನ್ನುವುದು ನನ್ನ ಕಟ್ಟುನಿಟ್ಟು.

ಗಿರಿಗದ್ದೆ ದಾಟಿ ಬಯಲು ಹುಲ್ಲುಗಾವಲು ಬಂದ ಮೇಲೆ ಚಪ್ಪಲಿ ಬಿಚ್ಚಿದೆ. ಇಲ್ಲಿಂದ ಕಲ್ಲು ಮಂಟಪ, ಶೇಷ ಪರ್ವತದವರೆಗೆ ದಾರಿ ತೆರೆದಿದೆ. ಇಬ್ಬನಿ ಇನ್ನೂ ಆರಿರಲಿಲ್ಲ. ಹುಲ್ಲಿನ ಬುಡದ ಮಣ್ಣು ತಣ್ಣಗಿತ್ತು, ಕಲ್ಲು ಆಗಲೇ ಬೆಚ್ಚಗಾಗಿತ್ತು. ಒಂದು ಹೆಜ್ಜೆ ಮಣ್ಣು, ಒಂದು ಹೆಜ್ಜೆ ಕಲ್ಲು. ಶೇಷ ಪರ್ವತದ ಏರಿನಲ್ಲಿ ಚೂಪು ಕಲ್ಲುಗಳಿವೆ, ಅಲ್ಲಿ ಬಹಳ ನಿಧಾನವಾದೆ. ಗೆಳತಿ ಮುಂದೆ ಹೋಗಿ ಕಾದು ಕೂತಿದ್ದಳು. ಅವಳ ತಾಳ್ಮೆ ದೊಡ್ಡದು. ಅಲ್ಲಿಂದ ಮತ್ತೆ ಶೋಲಾ ಕಾಡು, ಮತ್ತೆ ಚಪ್ಪಲಿ. ಕೊನೆಗೆ ನೆತ್ತಿಗೆ ಹೋಗುವ ಇಳಿಜಾರು ಬಂಡೆ. ಇಲ್ಲಿ ನೀರು ಜಿನುಗುತ್ತಿರುತ್ತದೆ, ಶೂ ಹಾಕಿದವರು ಕೈ ಊರಿ ಹತ್ತುತ್ತಿದ್ದರು. ನಾನು ಹತ್ತು ಬೆರಳನ್ನೂ ಬಿಡಿಸಿ, ಒಣ ಕಲ್ಲು ಆರಿಸಿಕೊಂಡು, ನಿಂತುಕೊಂಡೇ ಹತ್ತಿದೆ. ಇಷ್ಟು ತಿಂಗಳು ಮಾಡಿದ್ದೆಲ್ಲ ಆ ಬಂಡೆಯ ಮೇಲೆ ಕೆಲಸಕ್ಕೆ ಬಂತು. ಆ ಖುಷಿ ಹೇಳಿ ತೀರುವಂಥದ್ದಲ್ಲ.

ಇಳಿಯುವಾಗ ಕಲ್ಲು ಮಂಟಪದ ಹೊತ್ತಿಗೆ ಕಾಲು ಸಾಕು ಅಂದಿತು. ಅಂಗಾಲಿಗೆ ಏನೂ ಆಗಿರಲಿಲ್ಲ. ಸ್ನಾಯುಗಳು ಸೋತಿದ್ದವು, ಹೆಜ್ಜೆ ಎಳೆಯಲು ಶುರುವಾಗಿತ್ತು. ಚಪ್ಪಲಿ ಹಾಕಿಕೊಂಡೆ. ಅಲ್ಲಿಂದ ಕುಕ್ಕೆಯವರೆಗೂ ಬಿಚ್ಚಲಿಲ್ಲ. ಗೆಳತಿಯ ಕಾಲು ನೋಡಿದರೆ, ಇಳಿಜಾರಿನಲ್ಲಿ ಶೂ ಮೂತಿಗೆ ಬಡಿದು ಬಡಿದು ಎರಡೂ ಹೆಬ್ಬೆರಳಿನ ಉಗುರು ಕಪ್ಪಾಗಿದ್ದವು.

ಈಗ ಅವಳೂ ಬರಿಗಾಲಲ್ಲಿ ನಡೆಯುತ್ತೇನೆ ಅಂತ ಹಟ ಹಿಡಿದಿದ್ದಾಳೆ. ನೇರ ಸಾವನದುರ್ಗಕ್ಕೆ ಹೋಗೋಣ ಅನ್ನುತ್ತಾಳೆ. ನಾನು ಬಿಡುತ್ತಿಲ್ಲ. ಉಗುರು ಪೂರ್ತಿ ಬೆಳೆಯಲಿ, ಇಂಜೆಕ್ಷನ್ ಹಾಕಿಸಿಕೊಳ್ಳಲಿ. ಅದಾದ ಮೇಲೆ ಕುಕ್ಕರಹಳ್ಳಿ ಕೆರೆಯ ಮಣ್ಣಿನ ದಾರಿಯಲ್ಲಿ ಬೆಳಿಗ್ಗೆ ಹತ್ತು ನಿಮಿಷ, ಚಪ್ಪಲಿ ಕೈಯಲ್ಲಿ. ಮೀನಖಂಡ ನೋಯುವುದು ನಿಂತ ಮೇಲೆ ಇಪ್ಪತ್ತು ನಿಮಿಷ. ಬೆಟ್ಟದ ಮಾತು ಮುಂದಿನ ಚಳಿಗಾಲಕ್ಕೆ ಅಂತ ಹೇಳಿದ್ದೇನೆ.